ಮುಕ್ಕಾಂ ಲಾಡ್ಜಿನ ಎಂಟನೇ ಕೋಣೆ

ದಹಿಸರ್, ಮುಂಬಯಿ
೫ ಜನವರಿ ೨೦೨೫

ಸಮಸ್ತ ಇಂಡಿ ತಾಲೂಕಿನ ಅಂಚೆ ಸಾಮ್ರಾಜ್ಞಿಯೂ, ಮೂವತ್ತೊಂದು ವರ್ಷ ಒಂದೇ ಒಂದು ಟಪಾಲು ಚೀಲವನ್ನೂ ತಡಮಾಡದ ಧೀರೆಯೂ, ನಿವೃತ್ತಿಯ ನಂತರವೂ ತಂಗಿಯ ಮಗಳ ಪತ್ರದ ತಪ್ಪುಗಳಿಗೆ ಕೆಂಪು ಶಾಯಿಯ ಸುತ್ತು ಹಾಕಿ ವಾಪಸು ಕಳಿಸುವ ದಯಾಮಯಿಯೂ ಆದ ಶ್ರೀ ನಾಗರತ್ನಾ ದೊಡ್ಡವ್ವನವರ ಪಾದಾರವಿಂದಗಳಿಗೆ, ಕೊರಿಯರ್ ಆಫೀಸಿನ ಕಿರಿಯ ಗುಮಾಸ್ತೆ ಸಪ್ನಾ ದೂರದಿಂದಲೇ ಅಡ್ಡಬಿದ್ದು ಮಾಡುವ ಬಿನ್ನಹ.

ತಾವು ಏಪ್ರಿಲ್ ತಿಂಗಳಲ್ಲಿ ನಾಲ್ಕು ದಿನ ಮುಂಬಯಿ ನೋಡಲು ಚಿತ್ತೈಸಲಿರುವ ಸುದ್ದಿ ತಲುಪಿತು. ಫೋನ್ ಮಾಡೋಣವೆಂದರೆ ತಮಗೆ ಕಿವಿ ಕೇಳುವುದಿಲ್ಲ. ಕೇಳಿದರೂ 'ಬಾಯಿಮಾತಿಗೆ ಮುದ್ರೆ ಎಲ್ಲದ' ಅನ್ನುತ್ತೀರಿ. ಆದ್ದರಿಂದ ಈ ಪತ್ರ.

ತಮ್ಮ ಷರತ್ತುಗಳನ್ನು ಗೋಡೆಗೆ ಅಂಟಿಸಿಕೊಂಡಿದ್ದೇನೆ. ಸ್ಟೇಷನ್ನಿಗೆ ನಡೆದು ಹೋಗುವಂತಿರಬೇಕು, ಮೊಣಕಾಲಿನ ಸಲುವಾಗಿ ಮೆಟ್ಟಿಲು ಇರಬಾರದು, ಬೆಳಗಿನ ಐದಕ್ಕೆ ಬಿಸಿನೀರು ಬೇಕು. ಗೇಟ್‌ವೇ, ರಾಣಿಬಾಗ್, ಸಮುದ್ರ, ವಿ.ಟಿ. ಸ್ಟೇಷನ್ ಪಕ್ಕದ ದೊಡ್ಡ ಪೋಸ್ಟಾಫೀಸು, ಎಲ್ಲಕ್ಕೂ ಸಮೀಪ ಇರಬೇಕು. ದೊಡ್ಡವ್ವನವರೇ, ಈ ಊರಲ್ಲಿ ಎಲ್ಲಕ್ಕೂ ಸಮೀಪ ಇರುವುದು ಟ್ರಾಫಿಕ್ ಒಂದೇ. ಆದರೂ ಏಕಸದಸ್ಯ ಹೋಟೆಲು ಪರಿಶೀಲನಾ ಸಮಿತಿಯೊಂದನ್ನು ರಚಿಸಿ, ಅವಿರೋಧವಾಗಿ ಆಯ್ಕೆಯಾಗಿದ್ದೇನೆ.

ನಮ್ಮ ಮನೆಯಲ್ಲೇ ಇಳಿದುಕೊಳ್ಳಿ ಎಂದು ಹೋದ ಸಲ ಬರೆದಿದ್ದೆ. ತಾವು ಅದಕ್ಕೂ ಕೆಂಪು ಸುತ್ತು ಹಾಕಿ, ಪಕ್ಕದಲ್ಲಿ 'ಕರೆದಾಗ ಬರದವಳ ಮನೆಗೆ ನಾನು ಬರುವುದಿಲ್ಲ' ಎಂದು ಬರೆದಿರಿ. ಓದಿ ಹೇಳಿದೆ. ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ನಿಂತಿತು. ಆಮೇಲೆ ಅವತ್ತಿನ ರೊಟ್ಟಿಗಳೆಲ್ಲ ಸ್ವಲ್ಪ ದಪ್ಪ ಆದವು. ಅವ್ವನಿಂದ ರೊಟ್ಟಿ ಕೊಳ್ಳುವ ಮೆಸ್ಸಿನವರು ಯಾಕೆಂದು ಕೇಳಿದರಂತೆ.

ಇರಲಿ. ಮೊದಲ ವರದಿ, ಅಂಧೇರಿ. ಮೆಟ್ರೋ, ಲೋಕಲ್, ರಿಕ್ಷಾ ಮೂರೂ ಹೊಸ್ತಿಲಿಗೇ ಬರುವ ಜಾಗ. ಮಟಮಟ ಮಧ್ಯಾಹ್ನ ಒಳಗೆ ಹೋಗಿ ತಮ್ಮ ಹೆಸರು ಹೇಳಿದೆ. ಕೌಂಟರಿನವನು ತಲೆಯೆತ್ತದೆ 'ಮೇಡಂ ತೋ ಆ ಗಯೀ', ಅಂದರೆ ಮೇಡಂ ಆಗಲೇ ಬಂದಾಯಿತು, ಎಂದು ರಜಿಸ್ಟರನ್ನು ನನ್ನ ಕಡೆ ತಿರುಗಿಸಿದ. ತಮ್ಮ ಹೆಸರು, ತಮ್ಮ ಅಕ್ಷರ, ತಮ್ಮ ಸಹಿ. ಬಂದ ಕಾರಣ: ಊರು ನೋಡಲು. ಬಂದ ತಾರೀಖು ಇತ್ತು. ಹೋದ ತಾರೀಖಿನ ಜಾಗ ಖಾಲಿ. ಹಿಂದಿನ ಪುಟ ತಿರುವಿದೆ, ಅದರ ಹಿಂದಿನದನ್ನೂ ತಿರುವಿದೆ. ನೂರಾರು ಹೆಸರು, ಯಾರೂ ಹೋಗಿಲ್ಲ. ಇವರೆಲ್ಲ ಎಲ್ಲಿ ಎಂದು ಕೇಳಿದೆ. ಅವನು ಆಗ ತಲೆಯೆತ್ತಿದ. 'ಘೂಮ್ ರಹೇ ಹೈ' ಎಂದ. ಇನ್ನೂ ಊರು ನೋಡುತ್ತಿದ್ದಾರಂತೆ.

ಸಮಿತಿಯು ಈ ಹೋಟೆಲನ್ನು ಶಿಫಾರಸು ಮಾಡುವುದಿಲ್ಲ.

ಇಂತಿ ಸಮಿತಿಯ ಅಧ್ಯಕ್ಷೆ, ಕಾರ್ಯದರ್ಶಿ ಮತ್ತು ಜವಾನಿ,
ಸಪ್ನಾ

*

ಇಂಡಿ
೧೮ ಜನವರಿ ೨೦೨೫

ಚಿ. ಸಪ್ನಾಗೆ ಆಶೀರ್ವಾದ.

ಪತ್ರ ತಲುಪಿತು. ಕೆಂಪು ಸುತ್ತುಗಳು ಹನ್ನೊಂದು, ನೋಡಿಕೋ.

ಅಂಧೇರಿಯ ರಜಿಸ್ಟರಿನಲ್ಲಿ ನನ್ನ ಸಹಿ ಇತ್ತು ಎಂದಿದ್ದೀ. ಸಹಿಯ ಕೆಳಗೆ ನಾನು ಗೆರೆ ಎಳೆಯುವುದು ನಿನಗೆ ಗೊತ್ತಿದೆ. ಅಲ್ಲಿ ಎಷ್ಟು ಗೆರೆ ಇದ್ದವು? ನೋಡಿಲ್ಲವಾದರೆ ಸುಮ್ಮನೆ ಒಪ್ಪಿಕೋ. ನಿನಗೆ ನಾಲ್ಕು ವರ್ಷವಿದ್ದಾಗ ನಿನ್ನವ್ವ ಕರೆದುಕೊಂಡು ಬಂದಿದ್ದಳು. ನನ್ನ ಕಚೇರಿಯ ಮೂಲೆಯಲ್ಲಿ ಕೂತು, ನಾನು ಅಡ್ಡ ಕತ್ತರಿಸಿ ಕೊಟ್ಟ ಬೆಂಡೆಕಾಯಿಯನ್ನು ಶಾಯಿಗೆ ಅದ್ದಿ, ಹಳೆಯ ಫಾರ್ಮುಗಳ ಮೇಲೆಲ್ಲ ಐದು ಎಸಳಿನ ಹೂವಿನ ಮುದ್ರೆ ಒತ್ತಿದ್ದೆ. ಕೈಯೆಲ್ಲ ಶಾಯಿ. ಯಾರು ಮಾಡಿದ್ದು ಎಂದರೆ 'ಸರ್ಕಾರ' ಅಂದಿದ್ದೆ. ಸುಳ್ಳನ್ನು ಶಿಸ್ತಾಗಿ ಹೇಳುವುದು ನಿನಗೆ ಆಗಿನಿಂದಲೂ ಬರುತ್ತದೆ.

ಮನೆಯ ಮಾತು ಮತ್ತೆ ತೆಗೆಯಬೇಡ. ನೀನು ದೊಡ್ಡವಳಾಗಿದ್ದೀ, ಒಂದು ಸಲ ಹೇಳುತ್ತೇನೆ. ಅದೇ ವರ್ಷ ಮಳೆಗಾಲದಲ್ಲಿ ನಮ್ಮವ್ವ ಹಾಸಿಗೆ ಹಿಡಿದಳು. 'ಕೂಡಲೇ ಹೊರಟು ಬಾ' ಎಂದು ನಿನ್ನವ್ವನಿಗೆ ಇನ್‌ಲ್ಯಾಂಡ್ ಪತ್ರ ಬರೆದೆ. ನಾನೇ ಮುದ್ರೆ ಒತ್ತಿದೆ, ನಾನೇ ಚೀಲಕ್ಕೆ ಹಾಕಿದೆ. ಅವ್ವ ಎಂಟು ದಿನ ಬಾಗಿಲು ನೋಡುತ್ತ ಮಲಗಿದ್ದಳು. ನಿನ್ನವ್ವ ನೀಲಾ ಬಂದದ್ದು ಮಣ್ಣಾದ ಮೂರನೇ ದಿನ, ಬೇರೆಯವರ ಬಾಯಿಂದ ಸುದ್ದಿ ಕೇಳಿ. ಪತ್ರ ಬರಲೇ ಇಲ್ಲ ಎಂದಳು. 'ನೀ ಪತ್ರ ಬರದೇ ಇಲ್ಲಕ್ಕ' ಎಂದೂ ಅಂದಳು, ಹತ್ತು ಮಂದಿಯ ಎದುರು. ನಾನು ಅವಳನ್ನು ನಂಬಲೋ, ನನ್ನ ಮುದ್ರೆಯನ್ನು ನಂಬಲೋ?

ಹೋಟೆಲು ನೋಡು.

ಇತಿ,
ನಾಗರತ್ನಾ

*

ದಹಿಸರ್
೨ ಫೆಬ್ರವರಿ ೨೦೨೫

ತಪ್ಪು ಹುಡುಕುವುದರಲ್ಲಿ ತ್ರಿಲೋಕ ವಿಖ್ಯಾತರಾದ ದೊಡ್ಡವ್ವನವರ ಸನ್ನಿಧಿಗೆ, ಹನ್ನೊಂದು ಸುತ್ತುಗಳ ಭಾರದಿಂದ ಬಾಗಿದ ಸಪ್ನಾಳ ನಮಸ್ಕಾರಗಳು.

ಗೆರೆಗಳನ್ನು ಎಣಿಸಲಿಲ್ಲ. ರಜಿಸ್ಟರ್ ತಾನಾಗಿ ಮುಚ್ಚಿಕೊಂಡಿತು.

ಎರಡನೇ ವರದಿ, ದಹಿಸರ್. ನಮ್ಮ ಮನೆಯಿಂದ ನಾಲ್ಕು ಹೆಜ್ಜೆ. ಇಲ್ಲಿಂದ ಗೇಟ್‌ವೇ ಎಷ್ಟು ದೂರವೆಂದರೆ, ಹೊರಟವರು ತಲುಪುವಷ್ಟರಲ್ಲಿ ಹಸಿವಾಗುತ್ತದೆ. ಆದರೂ ಬೋರ್ಡಿನ ಮೇಲೆ 'ಎಲ್ಲಾ ಪ್ರೇಕ್ಷಣೀಯ ಸ್ಥಳಗಳೂ ಸಮೀಪ' ಎಂದಿತ್ತು. ಹೇಗೆ ಎಂದು ಮ್ಯಾನೇಜರನ್ನು ಕೇಳಿದೆ. ಅವನು ಒಂದು ಕೋಣೆಯ ಬಾಗಿಲು ತೆಗೆದ.

ಒಂದೇ ಕಿಟಕಿ. ನಾಲ್ಕು ಗಾಜು. ಮೊದಲ ಗಾಜಿನಲ್ಲಿ ಗೇಟ್‌ವೇ ಇತ್ತು, ಪಾರಿವಾಳಗಳ ಸಮೇತ. ಎರಡನೆಯದರಲ್ಲಿ ಸಮುದ್ರ. ಮೂರನೆಯದರಲ್ಲಿ ರಾಣಿಬಾಗಿನ ಆನೆ ಕಿವಿ ಬೀಸುತ್ತಿತ್ತು. ಚಿತ್ರವಲ್ಲ, ಟಿವಿಯಲ್ಲ. ಗಾಜಿಗೆ ಮೂಗು ಒತ್ತಿದೆ, ಉಪ್ಪಿನ ವಾಸನೆ ಬಂತು. ಇಷ್ಟು ಅನುಕೂಲದ ಜಾಗ ಇನ್ನೆಲ್ಲಿ ಸಿಗಬೇಕು ಎಂದುಕೊಂಡು ಹಿಂದೆ ತಿರುಗಿದೆ. ಗೋಡೆಯ ಉದ್ದಕ್ಕೂ ಮಂದಿ ಕೂತಿದ್ದರು. ಚಪ್ಪಲಿ ಹಾಕಿಕೊಂಡು, ಚೀಲ ತೊಡೆಯ ಮೇಲೆ ಇಟ್ಟುಕೊಂಡು, ಈಗ ಹೊರಡುವವರ ಹಾಗೆ. ಯಾರ ಕಣ್ಣೂ ಮಿಟುಕಲಿಲ್ಲ. ಅವರ ಚೀಲಗಳ ಮೇಲೆ ಬೆರಳು ದಪ್ಪದ ಧೂಳು. ಕೊನೆಗೆ ಒಂದು ಕುರ್ಚಿ ಖಾಲಿ ಇತ್ತು. ಅದನ್ನು ಮಾತ್ರ ಒರೆಸಿ ಇಟ್ಟಿದ್ದರು.

ನಾಲ್ಕನೇ ಗಾಜು ಹೇಳಲು ಮರೆತೆ. ಅದರಲ್ಲಿ ನಮ್ಮ ಮನೆ ಕಾಣುತ್ತಿತ್ತು. ಅವ್ವ ದೊಡ್ಡ ಗಾದಿಯನ್ನು ಬಿಸಿಲಿಗೆ ಹಾಕುತ್ತಿದ್ದಳು. ಇದು ಮಾತ್ರ ನಿಜವೂ ಹೌದು. ಯಾಕವ್ವ ಎಂದರೆ ತಿಗಣೆ ಎಂದಳು. ನಮ್ಮ ಮನೆಯಲ್ಲಿ ತಿಗಣೆ ಇಲ್ಲ.

ಸಮಿತಿಯು ದುಃಖದಿಂದ ಈ ಹೋಟೆಲನ್ನೂ ತಿರಸ್ಕರಿಸಿದೆ.

ಇಂತಿ ತಮ್ಮ ಪಾದಧೂಳಿಯ ಸಗಟು ವ್ಯಾಪಾರಿ,
ಸಪ್ನಾ

*

ಇಂಡಿ
೧೩ ಫೆಬ್ರವರಿ ೨೦೨೫

ಸಪ್ನಾ,

ಎರಡೂ ವರದಿಗಳಲ್ಲಿ ಹೋಟೆಲಿನ ವಿಳಾಸ ಇಲ್ಲ. ಪಿನ್‌ಕೋಡ್ ಇಲ್ಲದ ಜಾಗದಲ್ಲಿ ನಾನು ಮಲಗುವುದಿಲ್ಲ. ಮುಂದಿನ ಪತ್ರದಲ್ಲಿ ಪೂರ್ತಿ ವಿಳಾಸ ಬರೆ, ಇಲ್ಲದಿದ್ದರೆ ಮುಂಬಯಿಯೂ ಬೇಡ, ನಿನ್ನ ಸಮಿತಿಯೂ ಬೇಡ.

ತಿಗಣೆ ಇರುವುದಾದರೆ ಬೇವಿನ ಸೊಪ್ಪು ಹಾಸಲು ಹೇಳು. ನಾನು ಹೇಳಿದೆ ಎನ್ನಬೇಡ.

ನಾಗರತ್ನಾ

*

ದಹಿಸರ್
೨೩ ಫೆಬ್ರವರಿ ೨೦೨೫

ಪಿನ್‌ಕೋಡುಗಳ ಪಾಲಿನ ಪರಮೇಶ್ವರಿಗೆ ಸಾಷ್ಟಾಂಗ.

ಮೂರನೇ ಮತ್ತು ಕೊನೆಯ ವರದಿ. ವಿಳಾಸ ಮೊದಲೇ ಬರೆಯುತ್ತೇನೆ: ಮುಕ್ಕಾಂ ಲಾಡ್ಜ್, ಕೋಣೆ ೮, ಗೋವಿಂದಭಾಯಿ ಚಾಳ್, ನೀರಿನ ಟಾಕಿಯ ಹಿಂದೆ, ವಡಾಲ, ಮುಂಬಯಿ ೪೦೦೦೩೧.

ತಮ್ಮ ಎಲ್ಲ ಷರತ್ತುಗಳಿಗೂ ಸರಿಹೋಗುವ ಜಾಗ. ಸ್ಟೇಷನ್ನಿಗೆ ನಡೆದು ಹೋಗಬಹುದು, ವಿ.ಟಿ.ಗೆ ಹಾರ್ಬರ್ ಲೈನಿನ ಒಂದೇ ಗಾಡಿ, ನೆಲ ಅಂತಸ್ತು. ಬಾಗಿಲಲ್ಲಿ ಬಿಳಿ ಸುಣ್ಣ ಹಚ್ಚಿಕೊಂಡ ಹಾಗೆ ಮುಖವಿದ್ದ ಮುದುಕನೊಬ್ಬ ನಿಂತಿದ್ದ. ಯಾರಿಗೆ ಕೋಣೆ ಎಂದು ಕೇಳಲೇ ಇಲ್ಲ. ಅವನ ಹಿಂದಿನ ಗೋಡೆಯಲ್ಲಿ ಕೀಲಿಕೈ ತೂಗುಹಾಕುವ ಗೂಡುಗಳಿದ್ದವು. ಒಂದರಲ್ಲೂ ಕೀಲಿಕೈ ಇಲ್ಲ, ಎಲ್ಲದರಲ್ಲೂ ಪತ್ರಗಳು. ಎಲ್ಲ ಪತ್ರಗಳೂ ಮುಚ್ಚಿದ್ದವು.

ಎಂಟನೇ ಕೋಣೆ ತೋರಿಸಿದ. ಚೊಕ್ಕಟವಾಗಿತ್ತು. ಕಿಟಕಿಯ ಕೆಳಗೆ, ಸಣ್ಣ ಮಗುವಿನ ಎದೆಮಟ್ಟದಲ್ಲಿ, ಗೋಡೆಗೆ ಒಂದು ಸೀಳು ಇತ್ತು. ಒಳಗಿನಿಂದ ಕಾಗದ ಸರಿದಾಡುವ ಸಪ್ಪಳ ಬರುತ್ತಿತ್ತು. ಇಲಿಯೇ ಎಂದೆ. ಮುದುಕ ತಲೆ ಅಲ್ಲಾಡಿಸಿದ. 'ನಿಮ್ಮ ದೊಡ್ಡವ್ವ ಬರ್ತಾರ, ಬರ್ಲಿ. ಅವರ ಸಾಮಾನು ಬಂದು ಭಾಳ ದಿನ ಆತು. ಯಾರೂ ಒಯ್ದಿಲ್ಲ' ಎಂದ.

ಏನು ಸಾಮಾನು ಎಂದು ನಾನು ಕೇಳಲಿಲ್ಲ.

ಈಗ ಹೇಳಿ. ಇಂಥ ಊರಲ್ಲಿ ಹೋಟೆಲಿಗಿಂತ, ಬಿಸಿಲಿಗೆ ಹಾಕಿದ ಗಾದಿ ವಾಸಿ ಅಲ್ಲವೇ?

ಇಂತಿ,
ಸಪ್ನಾ

*

ಇಂಡಿ
೬ ಮಾರ್ಚ್ ೨೦೨೫

ಚಿ. ಸಪ್ನಾಗೆ,

ಈ ಪತ್ರದಲ್ಲಿ ಕೆಂಪು ಸುತ್ತು ಹಾಕಿಲ್ಲ.

ನೀನು ಕೊಟ್ಟ ವಿಳಾಸ ನನಗೆ ಗೊತ್ತು. ನೀವು ದಹಿಸರಿಗೆ ಹೋಗುವ ಮುಂಚೆ ಇದ್ದ ಚಾಳಿನ ವಿಳಾಸ ಅದು. ಲಾಡ್ಜಿನ ಹೆಸರು ಬಿಟ್ಟರೆ ಉಳಿದದ್ದೆಲ್ಲ ಅದೇ. ಆ ಸಾಲುಗಳನ್ನು ನಾನು ಕೊನೆಯ ಸಲ ಬರೆದದ್ದು ಹತ್ತೊಂಬತ್ತು ವರ್ಷಗಳ ಹಿಂದೆ, ಒಂದು ಇನ್‌ಲ್ಯಾಂಡ್ ಪತ್ರದ ಮೇಲೆ.

ಬೇಕೆಂದೇ ಬರೆದೆಯೋ, ಕೈ ತಪ್ಪಿ ಬಂತೋ, ನಾನು ಕೇಳುವುದಿಲ್ಲ. ನನಗೆ ತಿಳಿದ ಕೆಲಸ ಒಂದೇ. ಆ ವಿಳಾಸಕ್ಕೆ ಪತ್ರ ಬರೆದಿದ್ದೇನೆ. 'ಮಹಾಶಯರೇ, ಏಪ್ರಿಲ್ ತಿಂಗಳಲ್ಲಿ ಕೋಣೆ ಬೇಕಾಗಿದೆ. ಜೊತೆಗೆ, ೨೦೦೬ರ ಜುಲೈಯಲ್ಲಿ ನೀಲಾಬಾಯಿ ಎಂಬವರ ಹೆಸರಿಗೆ ಇದೇ ವಿಳಾಸಕ್ಕೆ ನಾನು ಹಾಕಿದ ಪತ್ರ ಮುಟ್ಟಿದೆಯೋ ಇಲ್ಲವೋ ದಯಮಾಡಿ ತಿಳಿಸುವುದು' ಎಂದು. ಲಾಡ್ಜ್ ಇದ್ದರೆ ಉತ್ತರ ಬರುತ್ತದೆ. ಇಲ್ಲದಿದ್ದರೆ ಪತ್ರ ವಾಪಸು ಬರುತ್ತದೆ. ಎರಡರಲ್ಲಿ ಒಂದು.

ನಾಗರತ್ನಾ

*

ದಹಿಸರ್
೧೪ ಮಾರ್ಚ್ ೨೦೨೫

ದೊಡ್ಡವ್ವನವರಿಗೆ ನಮಸ್ಕಾರ.

ಸಮಿತಿಯನ್ನು ವಿಸರ್ಜಿಸಲಾಗಿದೆ. ಮುಕ್ಕಾಂ ಲಾಡ್ಜ್ ಎಂಬುದು ಇಲ್ಲ. ನಾನು ಹುಟ್ಟಿಸಿದ್ದು. ಅಂಧೇರಿಯದೂ ದಹಿಸರದ್ದೂ ಅಷ್ಟೇ. ಯಾವ ಹೋಟೆಲಿನ ಒಳಗೂ ನಾನು ಕಾಲಿಟ್ಟಿಲ್ಲ, ಲೋಕಲಿನಲ್ಲಿ ನಿಂತುಕೊಂಡು ಎಲ್ಲ ಯೋಚನೆ ಮಾಡಿದೆ. ಹೋಟೆಲೆಂದರೆ ತಾವು ಹೆದರಲಿ, ಹೆದರಿ ನಮ್ಮ ಮನೆಗೆ ಬರಲಿ, ಅವ್ವನ ಎದುರು ಒಂದು ಸಲ ಕೂರಲಿ ಎಂಬುದಷ್ಟೇ ಇದ್ದದ್ದು. ಪಿನ್‌ಕೋಡ್ ಕೇಳಿದಿರಿ. ಮನೆಯದನ್ನು ಬಿಟ್ಟರೆ ನನಗೆ ಬಾಯಿಪಾಠ ಇದ್ದ ವಿಳಾಸ ಅದೊಂದೇ. ಕೈ ಬರೆದುಬಿಟ್ಟಿತು.

ಚಾಳು ಈಗಿಲ್ಲ. ನಾಲ್ಕು ವರ್ಷದ ಹಿಂದೆ ಕೆಡವಿದರು. ಟವರ್ ಬರುತ್ತದಂತೆ. ಈಗ ಇರುವುದು ತಗಡಿನ ಬೇಲಿ ಮತ್ತು ಗುಂಡಿ. ತಮ್ಮ ಪತ್ರ ವಾಪಸು ಬರುತ್ತದೆ. ಬಂದರೆ ತಿಳಿಸಿ. ಬೇಗ ತಿಳಿಸಿ.

ತಮ್ಮ,
ಸಪ್ನಾ

*

ಇಂಡಿ
೨೨ ಮಾರ್ಚ್ ೨೦೨೫

ಸಪ್ನಾ,

ನಿನ್ನ ಪತ್ರ ಗುರುವಾರ ಬಂತು. ಲಾಡ್ಜ್ ಇಲ್ಲ ಎಂದು ಓದಿದೆ. ಶುಕ್ರವಾರ ಉತ್ತರ ಬಂತು.

ಬೆಳಗಿನ ಹನ್ನೊಂದು ಗಂಟೆ, ಅಂಗಳದ ತುಂಬ ಬಿಸಿಲು. ಕಟ್ಟೆಯ ಮೇಲೆ ಕೂತು ಲಕೋಟೆ ಒಡೆದೆ. ಮೊದಲು ಮಡಿಲಿಗೆ ಬೂದಿಯಂಥ ಪುಡಿ ಉದುರಿತು. ಕಾಗದ ಒರಟು, ಕಂದು ಬಣ್ಣ, ಒಂದು ಅಂಚು ಹರಿದಿದೆ. ಅಕ್ಷರ ಕನ್ನಡವೇ. ತಲೆಬರಹ ಇಲ್ಲ, ಸಹಿ ಇಲ್ಲ. ಇದ್ದದ್ದು ಇಷ್ಟು:

'ನಿಮ್ಮ ಪತ್ರ ಇಲ್ಲಿ ಇದೆ. ಯಾರೂ ತೆರೆದಿಲ್ಲ. ಗೋಡೆಯೊಳಗೆ ಇತ್ತು. ನಿಮ್ಮವರನ್ನು ಕಳಿಸಿ.'

ಮೊದಲು ನಿನ್ನ ಆಟವೆಂದೇ ತಿಳಿದೆ. ಮುದ್ರೆಯನ್ನು ಭೂತಗನ್ನಡಿ ಹಿಡಿದು ನೋಡಿದೆ. ನಿನ್ನ ಪತ್ರಗಳೆಲ್ಲ ದಹಿಸರದ ಮುದ್ರೆಯವು. ಇದು ವಡಾಲದ್ದು. ಬರೆದ ಕೈ ಕೂಡ ನಿನ್ನದಲ್ಲ. ಈ ಕೈ ಬರೆಯುವ ರೂಢಿ ತಪ್ಪಿದ ಕೈ.

ನೀನು ಗೋಡೆಯ ಸೀಳಿನ ಸುದ್ದಿ ಬರೆದಿದ್ದೆ. ನಾನು ಅವರಿಗೆ ಗೋಡೆಯ ಮಾತೇ ಬರೆದಿರಲಿಲ್ಲ.

ನಾನು ಹೆದರುವ ಹೆಣ್ಣಲ್ಲ, ನಿನಗೆ ಗೊತ್ತು. ಆದರೆ ನಿನ್ನೆಯಿಂದ ಆ ಲಕೋಟೆಯನ್ನು ಮನೆಯೊಳಗೆ ಇಟ್ಟಿಲ್ಲ. ತುಳಸಿ ಕಟ್ಟೆಯ ಮೇಲೆ ಕಲ್ಲು ಹೇರಿ ಇಟ್ಟಿದ್ದೇನೆ. ನೀನು ಹೋಗಿ ನೋಡು. ಒಬ್ಬಳೇ ಹೋಗಬೇಡ.

ನಾಗರತ್ನಾ

*

ದಹಿಸರ್
೨೯ ಮಾರ್ಚ್ ೨೦೨೫

ದೊಡ್ಡವ್ವ,

ಒಬ್ಬಳೇ ಹೋದೆ. ಯಾರನ್ನು ಕರೆದುಕೊಂಡು ಹೋಗಲಿ, ಏನೆಂದು ಹೇಳಲಿ?

ನಿನ್ನೆ ರಜೆ ಹಾಕಿ, ವಡಾಲದಲ್ಲಿ ಇಳಿದಾಗ ಮಧ್ಯಾಹ್ನ. ನೀರಿನ ಟಾಕಿ ಇದೆ. ಅದರ ಹಿಂದೆ ಉದ್ದಕ್ಕೂ ನೀಲಿ ತಗಡು. ತಗಡಿನ ಮೇಲೆ ಸುಣ್ಣದಲ್ಲಿ ಹಳೆಯ ಮನೆ ನಂಬರುಗಳನ್ನು ಬರೆದಿದ್ದರು, ಒಂದು, ಎರಡು, ಮೂರು, ಮನೆಗಳು ಇನ್ನೂ ಇದ್ದ ಹಾಗೆ. ಎಂಟರ ಹತ್ತಿರ ತಗಡಿನಲ್ಲಿ ಸಣ್ಣ ಬಾಗಿಲು. ತಟ್ಟಬೇಕೆಂದು ಕೈ ಎತ್ತಿದೆ. ಬಾಗಿಲು ಒಳಗಿನಿಂದ ತೆರೆಯಿತು. ಮುಖಕ್ಕೆಲ್ಲ ಬಿಳಿ ಪುಡಿ ಮೆತ್ತಿದ ಮುದುಕನೊಬ್ಬ ನಿಂತಿದ್ದ.

ನಾನು ಲೋಕಲಿನಲ್ಲಿ ನಿಂತು ಹುಟ್ಟಿಸಿದ ಮುದುಕ ಅವನು.

'ಯಾರು ಬೇಕಿತ್ತವ್ವಾ?' ಎಂದ. ಕನ್ನಡದಲ್ಲಿ.

ಅವನೇ ನೋಡಿ ನೋಡಿ, 'ಚಿಟ್ಠೀದವರೇನು? ಇಂಡೀ ಅಕ್ಕೋರ ಕಡೆಯಿಂದ?' ಎಂದ. ಕೂರಲು ಇಟ್ಟಿಗೆ ರಾಶಿ ತೋರಿಸಿ ನೀರು ಕೊಟ್ಟ. ನೀವು ಕುಡೀರಿ ಚಾಚಾ ಎಂದರೆ 'ರಮಜಾನ್ ರೋಜಾ ಅದ ನಂದು. ನೀ ಕುಡಿ, ಮುಖ ಬಾಡೇದ' ಎಂದ.

ಹೆಸರು ಕುತುಬುದ್ದೀನ. ಅಫಜಲಪುರದ ಕಡೆಯವನು. ಚಾಳು ಕೆಡವುವಾಗ ಕೂಲಿಗೆ ಬಂದವನು, ಈಗ ಇದೇ ಜಾಗದ ವಾಚ್‌ಮನ್. ಮುಖದ್ದು ಸಿಮೆಂಟು. ಬರೆದದ್ದು ಸಿಮೆಂಟ್ ಚೀಲದ ಕಾಗದದ ಮೇಲೆ. ಎಂಟನೇ ಕೋಣೆಯ ಗೋಡೆ ಬಿದ್ದಾಗ ಒಳಗೆ ಒಂದು ಚಮಚೆ, ಬಸ್ ಟಿಕೀಟುಗಳು, ಯಾರದೋ ಮದುವೆ ಕಾಗದ, ಒಂದು ಇನ್‌ಲ್ಯಾಂಡ್ ಪತ್ರ ಸಿಕ್ಕವಂತೆ. ಉಳಿದದ್ದು ಒಗೆದ. 'ಮುಚ್ಚಿದ ಪತ್ರ ಹೆಂಗ ಒಗೀಲಿ? ನಮ್ಮ ಕಡೆ ಅಕ್ಷರ, ಮುದ್ರೆದಾಗ ನಮ್ಮ ಕಡೆ ಊರು, ಕಳಿಸಿದವರ ಹೆಸರು ಅಳಿಸಿ ಹೋಗಿತ್ತು. ಚಾಳಿನ ಮಂದಿನೆಲ್ಲಾ ಕೇಳ್ದೆ, ನೀಲಾಬಾಯಿ ಯಾರಿಗೂ ಗೊತ್ತಿಲ್ಲ. ಇಟಗೊಂಡೆ.' ನಾಲ್ಕು ವರ್ಷ ಇಟ್ಟುಕೊಂಡಿದ್ದಾನೆ, ತನ್ನ ಆಧಾರ್ ಕಾರ್ಡಿನ ಜೊತೆ ಅದೇ ಪ್ಲಾಸ್ಟಿಕ್ ಚೀಲದಲ್ಲಿ.

ಲಾಡ್ಜಿನ ಪರವಾಗಿ ಯಾಕೆ ಉತ್ತರ ಬರೆದಿರಿ ಎಂದೆ. 'ಲಾಡ್ಜು ಎಲ್ಲದ ನನಗ ಗೊತ್ತಿಲ್ಲ. ಪೋಸ್ಟಮನ್ ಇಲ್ಲೇ ಕೊಟ್ಟ. ಅಕ್ಕೋರು ಪತ್ರ ಮುಟ್ಟಿತೋ ಇಲ್ಲೋ ಅಂತ ಕೇಳ್ಯಾರ. ಅಷ್ಟಕ್ಕ ಜವಾಬು ಕೊಟ್ಟೆ' ಎಂದ.

ಪತ್ರ ತಂದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಕೈಗೆ ಕೊಟ್ಟೆ. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿ, ವಿಳಾಸ ಓದಿದಳು. ಒಡೆದು ಓದಿದಳು. ನಿಂತೇ ಓದಿದಳು. ಹಂಚಿನ ಮೇಲಿನ ರೊಟ್ಟಿ ಕರ್ರಗಾಯಿತು, ನಾನು ತೆಗೆಯಲಿಲ್ಲ. ನನಗಲ್ಲ, ಹಂಚಿಗೆ ಹೇಳಿದಳು. 'ಅಕ್ಕ ಬರದಿದ್ಳು.'

ಇನ್ನೊಂದು ಸಲ ಹೇಳಿದಳು. 'ಖರೇನ ಬರದಿದ್ಳು ಅಕಿ.'

ಆಮೇಲೆ ಗಾದಿಗೆ ಹೊಸ ಗಲೀಫು ಹಾಕಿದಳು. ನಾಳೆ ಯುಗಾದಿ, ಬೇವಿನ ಹೂ ತರಲು ಹೋಗಿದ್ದಾಳೆ. ಅಕ್ಕನಿಗೆ ಬರೆ, ನಾನೇ ಸ್ಟೇಷನ್ನಿಗೆ ಬರ್ತೀನಿ ಅಂತ ಬರೆ, ಎಂದಿದ್ದಾಳೆ. ಬರೆದಿದ್ದ ಪತ್ರ ಗೋಡೆಯೊಳಗೆ ಹೇಗೆ ಹೋಯಿತು ಎಂದೂ ಕೇಳಿದಳು. ಇಲಿ ಒಯ್ದಿರಬೇಕು ಎಂದೆ. ನಂಬಿದಳು.

ಇಷ್ಟಕ್ಕೇ ಪತ್ರ ಮುಗಿಸಬೇಕೆಂದಿದ್ದೆ. ಸಹಿ ಹಾಕಿ ಆಗಿತ್ತು, ಹೊಡೆದುಹಾಕಿದೆ. ನೀ ಬಂದ ಮ್ಯಾಲೆ ಅವ್ವ ನಿನಗ ಆ ಪತ್ರ ತೋರಸ್ತಾಳ. ನೀ ಮೊದಲು ನೋಡೂದು ಮುದ್ರೆ, ನನಗ ಗೊತ್ತು. ಅದರ ಮ್ಯಾಲೆ ಮೂರು ಅದಾವ. ಒಂದು ನಿಂದು. ಒಂದು ವಡಾಲದ್ದು. ಮೂರನೇದಕ್ಕ ಅವ್ವ ಇಟ್ಟಂಗಿ ಕಲೆ ಅಂದ್ಳು. ಕಲೆ ಅಲ್ಲ ದೊಡ್ಡವ್ವ, ಕುಂಕುಮದ ನೀರು. ಬೆಂಡಿಕಾಯಿಲೆ ಮುದ್ರೆ ಒತ್ತಿ, ಗೋಡೆ ಸೀಳಿನ್ಯಾಗ ಟಪಾಲು ಹಾಕಿದ್ದು 'ಸರ್ಕಾರ'. ಐದು ಎಸಳು ಅದಾವ, ಎಣಿಸು.

ಸಪ್ನಾ